ಸಲಹೆಗೂ ಒಂದು ಸತ್ವಪರೀಕ್ಷೆ

ಯಶವಂತಪುರವಿರಲಿ, ಹೆಬ್ಬಾಳವಿರಲಿ, ಡಯಾಲಿಸಿಸ್ ಘಟಕದ ಹೊರಗೆ ಕಾದು ಕುಳಿತ ಮನೆಯವರಿಗೆ ವೈದ್ಯರು ಹೇಳುವ ಮಾತೊಂದುಂಟು: "ಮುಂದೆ ಕಿಡ್ನಿ ಕಸಿ ಮಾಡಿಸೋ ಯೋಚನೆ ಇದ್ರೆ, ಆದಷ್ಟೂ ರಕ್ತ ಹಾಕಿಸೋದು ಬೇಡ." ಹಿಮೋಗ್ಲೋಬಿನ್ ಏಳಕ್ಕೋ ಎಂಟಕ್ಕೋ ಇಳಿದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ರೋಗಿಯನ್ನು ದಿನವೂ ನೋಡುವವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. 1969ರಲ್ಲೂ ವೈದ್ಯರು ಇದನ್ನೇ ಹೇಳುತ್ತಿದ್ದರು. ಆದರೆ 1979ರ ಸುಮಾರಿಗೆ ಅಮೆರಿಕ, ಯುರೋಪಿನ ಕಸಿ ಕೇಂದ್ರಗಳಲ್ಲಿ ಇದೇ ರೋಗಿಯನ್ನು ಕರೆಸಿಕೊಂಡು, ಅಗತ್ಯವಿಲ್ಲದಿದ್ದರೂ ರಕ್ತ ಹಾಕಿ ಕಳಿಸುತ್ತಿದ್ದರು. ಒಂದೇ ಕಾಯಿಲೆ, ಒಂದೇ ಚೀಲ ರಕ್ತ, ಹತ್ತು ವರ್ಷಕ್ಕೊಂದು ಸಲಹೆ. ಮೂರೂ ಸಲ ಹೇಳಿದವರು ಆಯಾ ಕಾಲದ ಅತ್ಯುತ್ತಮ ಪರಿಣತರೇ. ಹಾಗಾದರೆ ಯಾವ ಸಲಹೆಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆಗೆ ಒಂದು ಅಳತೆಗೋಲು ಸಿಗುವ ಹೊತ್ತಿಗೆ ಒಂದು ತಲೆಮಾರೇ ಕಳೆದುಹೋಗಿತ್ತು.

ಕತೆ ಶುರುವಾದದ್ದು ಲಾಸ್ ಏಂಜಲೀಸ್‌ನಲ್ಲಿ. ಪಾಲ್ ತೆರಾಸಾಕಿ ಹುಟ್ಟಿದ್ದು ಅದೇ ಊರಿನಲ್ಲಿ, 1929ರಲ್ಲಿ, ಜಪಾನಿ ಮೂಲದ ಕುಟುಂಬದಲ್ಲಿ. ಎರಡನೇ ಮಹಾಯುದ್ಧ ಬಂದಾಗ ಅಮೆರಿಕ ಸರ್ಕಾರ ಅವರ ಕುಟುಂಬವನ್ನು ಅರಿಜೋನಾದ ಮರುಭೂಮಿಯ ಶಿಬಿರವೊಂದಕ್ಕೆ ಸಾಗಿಸಿ ಮೂರು ವರ್ಷ ಇರಿಸಿತು. ಆ ಹುಡುಗ ಬೆಳೆದು ವಿಜ್ಞಾನಿಯಾದ. 1964ರಲ್ಲಿ, ಒಂದು ಮೈಕ್ರೊಲೀಟರ್ ರಕ್ತಸಾರದಲ್ಲೇ ರೋಗಿಯ ದೇಹ ದಾನಿಯ ಜೀವಕೋಶಗಳ ಮೇಲೆ ಹಗೆ ಸಾಧಿಸಿದೆಯೇ ಎಂದು ಕಂಡುಹಿಡಿಯುವ ಪರೀಕ್ಷೆಯನ್ನು ರೂಪಿಸಿದ. ಐದು ವರ್ಷಗಳ ನಂತರ ಪಟೇಲ್ ಎಂಬ ಸಹೋದ್ಯೋಗಿಯ ಜೊತೆ ಸೇರಿ 225 ಕಸಿಗಳ ಲೆಕ್ಕವನ್ನು ಮುಂದಿಟ್ಟ. ಪರೀಕ್ಷೆಯಲ್ಲಿ ಆ ಹಗೆಯ ಗುರುತಾದ ಪ್ರತಿಕಾಯ ಕಂಡುಬಂದಿದ್ದ 30 ಜನರಲ್ಲಿ 24 ಮಂದಿಯ ಹೊಸ ಕಿಡ್ನಿ ಕೂಡಲೇ ಸತ್ತುಹೋಗಿತ್ತು. ಪ್ರತಿಕಾಯ ಕಾಣದ 195 ಜನರಲ್ಲಿ ಹಾಗಾದದ್ದು 8 ಮಂದಿಗೆ ಮಾತ್ರ. ಈ ಪ್ರತಿಕಾಯಗಳು ಬರುವ ದಾರಿಗಳಲ್ಲಿ ಒಂದು, ಬೇರೆಯವರ ರಕ್ತ. ರಕ್ತ ಹಾಕಿಸಬೇಡಿ ಎಂಬ ಸಲಹೆಗೆ ಗಟ್ಟಿ ನೆಲ ಸಿಕ್ಕಿತು.

ಮರುವರ್ಷವೇ ಅವರಿಗೆ ಪೆಟ್ಟು ಬಿತ್ತು. 1970ರಲ್ಲಿ ಹೇಗ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತೆರಾಸಾಕಿ ಎದ್ದು ನಿಂತು, ತಾನೇ ಬೆಳೆಸಿದ ಕ್ಷೇತ್ರಕ್ಕೆ ಹಿತವಲ್ಲದ ಸುದ್ದಿ ಹೇಳಿದರು: ಸಂಬಂಧಿಕರಲ್ಲದ ದಾನಿಗಳ ಕಸಿಯಲ್ಲಿ, ಅಂದು ಎಲ್ಲರೂ ನೆಚ್ಚಿಕೊಂಡಿದ್ದ ಅಂಗಾಂಶ ಹೊಂದಾಣಿಕೆಯ ಅಂಕಕ್ಕೂ ಕಿಡ್ನಿಯ ಆಯುಸ್ಸಿಗೂ ನಂಟು ಕಾಣುತ್ತಿಲ್ಲ. ಸಭೆ ಕೆರಳಿತು. ಊರಿಗೆ ಮರಳಿದ ಮೇಲೆ ಅವರ ಪ್ರಯೋಗಾಲಯಕ್ಕೆ ಬರುತ್ತಿದ್ದ ಸರ್ಕಾರಿ ಧನಸಹಾಯ ನಿಂತಿತು. ಲೆಕ್ಕದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಕ್ಕೆ ತೆತ್ತ ಬೆಲೆ ಅದು. ಆದರೂ ಅವರು ಲೆಕ್ಕ ಇಡುವುದನ್ನು ಬಿಡಲಿಲ್ಲ. ಬೇರೆ ಬೇರೆ ಆಸ್ಪತ್ರೆಗಳ ಕಸಿಗಳ ವಿವರ ತರಿಸಿ ಜೋಡಿಸುತ್ತಲೇ ಹೋದರು. ಆ ರಾಶಿಯೊಳಗೆ ಇನ್ನೊಂದು ಅಚ್ಚರಿ ಹುದುಗಿತ್ತು.

ಅದನ್ನು ಹೊರಗೆಳೆದವರು ಜರ್ಮನಿಯಿಂದ ಬಂದಿದ್ದ ತರುಣ ವೈದ್ಯ ಗೆರ್ಹಾರ್ಡ್ ಓಪೆಲ್ಜ್. ರಕ್ತ ಹಾಕಿಸಿಕೊಂಡವರ ಗತಿ ಕೆಟ್ಟದಾಗಿರಬೇಕು ಎಂಬುದು ಎಲ್ಲರ ಎಣಿಕೆ. ಕೋಷ್ಟಕ ತಿರುಗಿಸಿ ನೋಡಿದರೆ ಎಣಿಕೆಯೇ ಬುಡಮೇಲು. ಕಸಿಗೆ ಮೊದಲು ಒಂದು ಹನಿ ರಕ್ತವನ್ನೂ ಪಡೆಯದವರ ಕಿಡ್ನಿಗಳೇ ಬೇಗ ಸೋತಿದ್ದವು. ಹೆಚ್ಚು ಸಲ ರಕ್ತ ಪಡೆದವರ ಕಿಡ್ನಿಗಳು ಹೆಚ್ಚು ಕಾಲ ಉಳಿದಿದ್ದವು. 1973ರಲ್ಲಿ ಇದು ಪ್ರಕಟವಾದಾಗ ಹಲವರು ನಂಬಲಿಲ್ಲ. ಆಮೇಲೆ ಒಂದೊಂದಾಗಿ ಬೇರೆ ಕೇಂದ್ರಗಳೂ ತಮ್ಮ ಕಡತ ತೆರೆದವು. ಅಲ್ಲೂ ಅದೇ ಕಂಡಿತು. 1970ರ ದಶಕದ ಕೊನೆಯ ಹೊತ್ತಿಗೆ ಬೇಡ ಎನ್ನುತ್ತಿದ್ದವರೇ ಬೇಕು ಎನ್ನತೊಡಗಿದರು. ಕಸಿಗೆ ಮೊದಲು ರಕ್ತ ಕೊಡುವುದು ನಿಯಮವೇ ಆಯಿತು.

ಆ ನಿಯಮ ಬಾಳಿದ್ದು ಹೆಚ್ಚೆಂದರೆ ಹತ್ತು ವರ್ಷ. ರಜೆಗೆ ಹೋದವರೊಬ್ಬರು ನಾರ್ವೆಯ ಪ್ರಸ್ಥಭೂಮಿಯಿಂದ ತಂದ ಮಣ್ಣಿನ ಬೂಷ್ಟಿನಿಂದ, ಕಸಿಯಾದ ಅಂಗವನ್ನು ಕಾಯುವ ಸೈಕ್ಲೋಸ್ಪೋರಿನ್ ಎಂಬ ಔಷಧ ಹುಟ್ಟಿತು. 1983ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟ ಮೇಲೆ ಎಲ್ಲರ ಕಸಿಯೂ ಸುಧಾರಿಸಿತು. ರಕ್ತ ಪಡೆದವರು, ಪಡೆಯದವರು ಎಂಬ ಅಂತರ ಮಸುಕಾಯಿತು. ರಕ್ತದ ಮೂಲಕ ಹರಡುವ ಸೋಂಕುಗಳ ಭಯವೂ ಸೇರಿತು. ಓಪೆಲ್ಜ್ ಮಾತ್ರ ಹಟ ಬಿಡಲಿಲ್ಲ. ಹೈಡೆಲ್‌ಬರ್ಗ್‌ಗೆ ಮರಳಿ, 14 ಕಸಿ ಕೇಂದ್ರಗಳನ್ನು ಒಪ್ಪಿಸಿ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ಸಲ ರಕ್ತ ಕೊಟ್ಟು ನೋಡಿದರು. 1997ರಲ್ಲಿ ಫಲಿತಾಂಶ ಬಂತು: ಒಂದು ವರ್ಷದ ನಂತರ ರಕ್ತ ಪಡೆದವರಲ್ಲಿ ನೂರಕ್ಕೆ 90 ಕಿಡ್ನಿ ಉಳಿದಿದ್ದವು, ಪಡೆಯದವರಲ್ಲಿ 82. ಇಪ್ಪತ್ತನಾಲ್ಕು ವರ್ಷದ ಹಿಂದೆ ಕೇವಲ ಕಡತಗಳಲ್ಲಿ ಕಂಡದ್ದಕ್ಕೆ ಕೊನೆಗೂ ಪ್ರಯೋಗದ ಬೆಂಬಲ ಸಿಕ್ಕಿತ್ತು. ಆದರೆ ಜಗತ್ತು ಮುಂದೆ ಸಾಗಿಬಿಟ್ಟಿತ್ತು. ಪ್ರತಿಕಾಯದ ಭಯವೇ ಮೇಲುಗೈ ಪಡೆದಿತ್ತು. ಇಡೀ ಪ್ರಸಂಗದಲ್ಲಿ ಮನಸ್ಸನ್ನು ಕಾಡುವುದು ಇದೇ: ಸಲಹೆ ಜಾರಿಗೆ ಬಂದದ್ದು ಗಟ್ಟಿ ಪ್ರಯೋಗಕ್ಕೆ ಮೊದಲು, ಪ್ರಯೋಗ ನಡೆದದ್ದು ಸಲಹೆ ಕೈಬಿಟ್ಟ ಮೇಲೆ.

ರಕ್ತ ಹಾಕಿಸದೆಯೇ ರಕ್ತ ಹೆಚ್ಚಿಸುವ ದಾರಿ ಹುಡುಕಿದವರ ಕತೆ ಇನ್ನೂ ಉದ್ದ. ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ 1955ರಲ್ಲಿ, ಕೆಂಪು ರಕ್ತಕಣ ಹುಟ್ಟಿಸುವ ಎರಿತ್ರೋಪೊಯೆಟಿನ್ ಎಂಬ ರಸದೂತವನ್ನು ಬೇರ್ಪಡಿಸಲು ಹೊರಟಾಗ ಕೆಲವು ತಿಂಗಳ ಕೆಲಸ ಎಂದುಕೊಂಡಿದ್ದರು. ಕಸಾಯಿಖಾನೆಗೆ ಅಲೆದು ಕುರಿಗಳ ರಕ್ತ ತಂದು ಸೋಸಿದರು. ವರ್ಷಗಳು ಕಳೆದರೂ ಕೈಗೆ ಹತ್ತಿದ್ದು ಅತ್ಯಲ್ಪ. 1975ರಲ್ಲಿ ಜಪಾನಿನ ಕುಮಾಮೊಟೊದಿಂದ ತಕಾಜಿ ಮಿಯಾಕೆ ಎಂಬ ವೈದ್ಯರು ಶಿಕಾಗೋಗೆ ಬಂದಿಳಿದರು. ಹೋಟೆಲಿನ ಪಡಸಾಲೆಯಲ್ಲಿ ಅವರು ಗೋಲ್ಡ್‌ವಾಸರ್ ಕೈಗೆ ಒಪ್ಪಿಸಿದ್ದು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಅದರೊಳಗಿದ್ದದ್ದು ತೀವ್ರ ರಕ್ತಹೀನತೆಯ ರೋಗಿಗಳಿಂದ ಕೂಡಿಟ್ಟ 2,550 ಲೀಟರ್ ಮೂತ್ರವನ್ನು ಒಣಗಿಸಿದ ಪುಡಿ. 1977ರ ಹೊತ್ತಿಗೆ ಅದರಿಂದ ಕೆಲವೇ ಮಿಲಿಗ್ರಾಂ ಶುದ್ಧ ಎರಿತ್ರೋಪೊಯೆಟಿನ್ ಬಂತು. ಅಷ್ಟು ಸಾಕಾಯಿತು. ಅಮ್ಜೆನ್ ಕಂಪನಿ ಅದರ ಜೀನ್ ಹಿಡಿದು ಔಷಧ ತಯಾರಿಸಿತು. 1989ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಬೆಂಗಳೂರಿನ ಡಯಾಲಿಸಿಸ್ ಘಟಕಗಳಲ್ಲಿ ಇಂದು ಎಲ್ಲರ ಬಾಯಲ್ಲೂ ಇರುವ 'ಎಪೊ ಇಂಜೆಕ್ಷನ್' ಅದೇ. ರಕ್ತದ ಚೀಲಕ್ಕೆ ಜೋತುಬಿದ್ದಿದ್ದವರು ಎದ್ದು ಓಡಾಡತೊಡಗಿದರು.

ಈಗ ಪ್ರಶ್ನೆ ಹಿಮೋಗ್ಲೋಬಿನ್ ಎಷ್ಟಕ್ಕೆ ಏರಿಸಬೇಕು ಎಂಬಲ್ಲಿಗೆ ಬಂತು. ಆರೋಗ್ಯವಂತರಷ್ಟೇ ಇದ್ದರೆ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹೃದ್ರೋಗವೂ ಇದ್ದ 1,233 ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು; ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಹೆಚ್ಚು ಮಟ್ಟಕ್ಕೆ ಏರಿಸಿದ ಗುಂಪಿನಲ್ಲಿ 183 ಸಾವು, ಕಡಿಮೆ ಮಟ್ಟದ ಗುಂಪಿನಲ್ಲಿ 150. ಎಚ್ಚರಿಕೆಯ ಗಂಟೆ ಬಾರಿಸಿತ್ತು. ಕೇಳಿಸಿಕೊಂಡವರು ಕಡಿಮೆ.

ಅದೇ ಹೊತ್ತಿಗೆ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಫ್ರಾನ್ಸ್ವಾಸ್ ಕ್ಲೂಜೋ ಎಂಬ ಸಂಶೋಧಕಿ ಬೇರೊಂದು ದಿಕ್ಕಿನಿಂದ ಇದೇ ಗಂಟನ್ನು ಬಿಡಿಸುತ್ತಿದ್ದರು. ಅವರ ಮೇಜಿನ ಮೇಲೆ ರೋಗಿಗಳಿರಲಿಲ್ಲ, ಮಾರ್ಗಸೂಚಿಗಳಿದ್ದವು. 1980ರ ದಶಕದಿಂದ ವೈದ್ಯ ಸಂಘಗಳು, ಸರ್ಕಾರಗಳು ಪೈಪೋಟಿಯಲ್ಲಿ ಮಾರ್ಗಸೂಚಿ ಹೊರಡಿಸುತ್ತಿದ್ದವು. ಯಾವುದಕ್ಕೆ ಯಾವ ಆಧಾರ ಎಂದು ಕೇಳುವವರಿರಲಿಲ್ಲ. ಔಷಧವೊಂದು ಅಂಗಡಿಗೆ ಬರಬೇಕಾದರೆ ಹತ್ತು ಪರೀಕ್ಷೆ ದಾಟಬೇಕು. ಆ ಔಷಧವನ್ನು ಯಾರಿಗೆ ಎಷ್ಟು ಕೊಡಬೇಕೆಂದು ಹೇಳುವ ಪುಸ್ತಕಕ್ಕೆ ಪರೀಕ್ಷೆಯೇ ಇಲ್ಲ. ಕ್ಲೂಜೋ ಮತ್ತು ಸಂಗಡಿಗರು 37 ಪ್ರಶ್ನೆಗಳ ಪಟ್ಟಿ ಮಾಡಿ, ಹೃದ್ರೋಗ, ಆಸ್ತಮಾ, ಖಿನ್ನತೆ, ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕುರಿತ 60 ಮಾರ್ಗಸೂಚಿಗಳನ್ನು ಅದಕ್ಕೆ ಒಡ್ಡಿದರು.

ಅಟ್ಲಾಂಟಿಕ್‌ನ ಆಚೆಯೂ ಕೆಲವರಿಗೆ ಇದೇ ಅನುಮಾನ ಹುಟ್ಟಿತ್ತು. 1999ರಲ್ಲಿ ಟೆರೆನ್ಸ್ ಶೇನಿಫೆಲ್ಟ್ ತಂಡ 279 ಮಾರ್ಗಸೂಚಿಗಳನ್ನು 25 ಮಾನದಂಡಗಳಿಗೆ ಹಿಡಿದು ನೋಡಿತು. ಸರಾಸರಿ ತೇರ್ಗಡೆ ನೂರಕ್ಕೆ 43. ಮರುವರ್ಷ ಇಟಲಿಯ ರೊಬೆರ್ಟೊ ಗ್ರಿಲ್ಲಿ ಮತ್ತು ಜೊತೆಗಾರರು ತಜ್ಞ ಸಂಘಗಳ 431 ಮಾರ್ಗಸೂಚಿಗಳನ್ನು ಕೆದಕಿದರು. ಬರೆದವರು ಯಾರು, ಪುರಾವೆ ಹುಡುಕಿದ್ದು ಹೇಗೆ, ಯಾವ ಸಲಹೆಗೆ ಎಷ್ಟು ಬಲ ಎಂಬ ಮೂರೇ ಪ್ರಶ್ನೆ. ಮೂರಕ್ಕೂ ಉತ್ತರ ಕೊಟ್ಟವು ನೂರಕ್ಕೆ ಐದು. 2002ರಲ್ಲಿ ಕೆನಡಾದ ನಿತೀಶ್ ಚೌಧರಿ ಮತ್ತು ಸಂಗಡಿಗರು ಮಾರ್ಗಸೂಚಿ ಬರೆದವರಿಗೇ ನೇರವಾಗಿ ಪತ್ರ ಬರೆದು ವಿಚಾರಿಸಿದರು. ಉತ್ತರಿಸಿದವರಲ್ಲಿ ನೂರಕ್ಕೆ 87 ಮಂದಿಗೆ ಔಷಧ ಕಂಪನಿಗಳ ಜೊತೆ ಒಂದಲ್ಲ ಒಂದು ನಂಟಿತ್ತು.

ಕ್ಲೂಜೋ ಅವರ ಪಟ್ಟಿ ಒಂದು ದೇಶದ ಪಟ್ಟಿಯಾಗಿ ಉಳಿಯಬಾರದು ಎಂದು ಯುರೋಪಿನ ಹಣದ ನೆರವಿನಿಂದ 1998ರಲ್ಲಿ 'ಅಗ್ರೀ' ಎಂಬ ಕೂಟ ಹುಟ್ಟಿತ್ತು. ಕೆಲಸ ಹೇಳಿದಷ್ಟು ಹಗುರವಾಗಿರಲಿಲ್ಲ. ಒಬ್ಬರಿಗೆ ಚೆನ್ನಾಗಿದೆ ಎನಿಸಿದ ಪುಸ್ತಕ ಇನ್ನೊಬ್ಬರಿಗೆ ಟೊಳ್ಳು ಎನಿಸಿದರೆ ಅಳತೆಗೋಲಿಗೆ ಬೆಲೆಯೆಲ್ಲಿ? ಮೊದಲ ಕರಡನ್ನು 11 ದೇಶಗಳ 100 ಮಾರ್ಗಸೂಚಿಗಳ ಮೇಲೆ 194 ಮಂದಿ ಪ್ರಯೋಗಿಸಿದರು. ಅರ್ಥವಾಗದ ಪ್ರಶ್ನೆಗಳನ್ನು ತಿದ್ದಿದರು, ಹಲವನ್ನು ಕಿತ್ತು ಹಾಕಿದರು, ಉಳಿದವನ್ನು ಹೊಸಬರ ಕೈಗೆ ಕೊಟ್ಟು ಮತ್ತೆ ಪರೀಕ್ಷಿಸಿದರು. 2003ರಲ್ಲಿ ಹೊರಬಂದ ಪಟ್ಟಿಯಲ್ಲಿ 23 ಪ್ರಶ್ನೆಗಳು ನಿಂತಿದ್ದವು. ಕೊನೆಯ ಎರಡು ಪ್ರಶ್ನೆಗಳು ಹಣದ ಕುರಿತು: ಖರ್ಚು ಕೊಟ್ಟವರ ಪ್ರಭಾವದಿಂದ ಬರಹ ದೂರವಿದೆಯೇ? ಬರೆದವರ ಹಿತಾಸಕ್ತಿಗಳನ್ನು ದಾಖಲಿಸಿದೆಯೇ?

ಆ ಎರಡು ಪ್ರಶ್ನೆಗಳ ತೂಕ ಏನೆಂದು ಮೂರೇ ವರ್ಷದಲ್ಲಿ ಗೊತ್ತಾಯಿತು, ಅದೂ ಕಿಡ್ನಿ ವೈದ್ಯರ ಅಂಗಳದಲ್ಲೇ. ಬೋಸ್ಟನ್ನಿನ ಅಜಯ್ ಸಿಂಗ್ ನೇತೃತ್ವದಲ್ಲಿ, ಡಯಾಲಿಸಿಸ್‌ಗೆ ಇನ್ನೂ ಬಾರದ 1,432 ಕಿಡ್ನಿ ರೋಗಿಗಳ ಮೇಲೆ ಎಪೊ ಪ್ರಯೋಗ ನಡೆದಿತ್ತು. ಒಂದು ಗುಂಪಿಗೆ ಹಿಮೋಗ್ಲೋಬಿನ್ ಗುರಿ 13.5, ಇನ್ನೊಂದಕ್ಕೆ 11.3. 2005ರ ಮೇ ತಿಂಗಳಲ್ಲಿ ಮೇಲ್ವಿಚಾರಣಾ ಮಂಡಳಿ ಅದನ್ನು ನಿಲ್ಲಿಸಿತು. ಫಲಿತಾಂಶ ಇನ್ನೂ ಅಚ್ಚಾಗಿರಲಿಲ್ಲ. ಅಷ್ಟರಲ್ಲಿ, 2006ರಲ್ಲಿ, ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನದ ಹೊಸ ರಕ್ತಹೀನತೆ ಮಾರ್ಗಸೂಚಿ ಬಂತು; ಹಿಂದೆ 12ಕ್ಕೆ ನಿಂತಿದ್ದ ಮೇಲಿನ ಮಿತಿ ಅದರಲ್ಲಿ 13ಕ್ಕೆ ಏರಿತ್ತು. ಮಾರ್ಗಸೂಚಿ ಯೋಜನೆಯ ಮುಖ್ಯ ಪ್ರಾಯೋಜಕ ಎಪೊ ತಯಾರಿಸುವ ಅಮ್ಜೆನ್. ನವೆಂಬರ್‌ನಲ್ಲಿ ಸಿಂಗ್ ಅವರ ಪ್ರಬಂಧ ಪ್ರಕಟವಾಯಿತು. ಸಾವು, ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯು ಸೇರಿ ಹೆಚ್ಚು ಗುರಿಯ ಗುಂಪಿನಲ್ಲಿ 125 ಅವಘಡಗಳು, ಕಡಿಮೆ ಗುರಿಯ ಗುಂಪಿನಲ್ಲಿ 97. ಗದ್ದಲ ಎದ್ದಿತು. 2007ರಲ್ಲಿ ಪ್ರತಿಷ್ಠಾನ ಮಾರ್ಗಸೂಚಿ ತಿದ್ದಿ, ಗುರಿಯನ್ನು ಮತ್ತೆ 11 ಮತ್ತು 12ರ ನಡುವಿಗೆ ಇಳಿಸಿತು. ಬರೆದವರು ಪ್ರಾಮಾಣಿಕರೇ ಇರಬಹುದು. ರೋಗಿಗೆ ಮಾತ್ರ ಪ್ರಾಮಾಣಿಕತೆಯ ಭರವಸೆ ಸಾಲದು, ಅದು ಕಾಣುವಂತಿರಬೇಕು.

ಈ ಪಾಠ ಕಲಿತವರು ಮುಂದೆ ಮಾಡಿದ ಕೆಲಸ ಧೈರ್ಯದ್ದು. 2009ರಲ್ಲಿ 'ಕೆಡಿಗೋ' ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕಿಡ್ನಿ ಕಸಿಯಾದವರ ಆರೈಕೆಯ ಮಾರ್ಗಸೂಚಿ ಹೊರಡಿಸಿತು. ಹೆಚ್ಚಿನ ಸಲಹೆಗಳ ಪಕ್ಕದಲ್ಲಿ ಅವುಗಳ ಹಿಂದಿರುವ ಪುರಾವೆಗೆ ಎ, ಬಿ, ಸಿ, ಡಿ ಎಂದು ದರ್ಜೆ ಕೊಟ್ಟು ಅಚ್ಚು ಹಾಕಿತು. ದರ್ಜೆ ಪಡೆದ 198 ಸಲಹೆಗಳಲ್ಲಿ 'ಎ' ಸಿಕ್ಕಿದ್ದು ನಾಲ್ಕಕ್ಕೆ. 'ಡಿ', ಅಂದರೆ ಅತಿ ದುರ್ಬಲ ಪುರಾವೆ, 90ಕ್ಕೆ. ಕಸಿ ವೈದ್ಯಕ್ಕೆ ಆಗ ಐವತ್ತೈದು ವರ್ಷ ತುಂಬಿತ್ತು. ನಮಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟೇ ಎಂದು ಜಗತ್ತಿನ ಮುಂದೆ ಒಪ್ಪಿಕೊಂಡ ಆ ಪುಟ, ಈ ಇಡೀ ಕತೆಯಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಪುಟ.

2010ರಲ್ಲಿ ಕೆನಡಾದ ಮೆಲಿಸ್ಸಾ ಬ್ರೌವರ್ಸ್ ನೇತೃತ್ವದಲ್ಲಿ 'ಅಗ್ರೀ' ಪಟ್ಟಿ ಪರಿಷ್ಕಾರಗೊಂಡು ಎರಡನೇ ರೂಪ ಪಡೆಯಿತು. ಅದು ಕೆಲಸ ಮಾಡುವ ಬಗೆ ಸರಳ. ಮಾರ್ಗಸೂಚಿಯನ್ನು ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು, ಪರಸ್ಪರ ಮಾತಾಡದೆ ಓದುತ್ತಾರೆ. 23 ಪ್ರಶ್ನೆಗಳಿಗೂ ಒಂದರಿಂದ ಏಳರವರೆಗೆ ಅಂಕ ಕೊಡುತ್ತಾರೆ. ಪ್ರಶ್ನೆಗಳು ಆರು ವಿಭಾಗಗಳಲ್ಲಿವೆ: ಉದ್ದೇಶ, ರೋಗಿಗಳೂ ಸೇರಿದಂತೆ ಸಂಬಂಧಪಟ್ಟವರ ಪಾಲ್ಗೊಳ್ಳುವಿಕೆ, ಪುರಾವೆ ಕಲೆಹಾಕಿದ ಕಟ್ಟುನಿಟ್ಟು, ಸ್ಪಷ್ಟತೆ, ಆಚರಣೆಗೆ ತರುವ ಸಾಧ್ಯತೆ, ಹಣ ಕೊಟ್ಟವರಿಂದ ಸ್ವಾತಂತ್ರ್ಯ. ಕೊನೆಯ ವಿಭಾಗವನ್ನೇ ನೋಡಿದರೆ, ಎರಡು ಪ್ರಶ್ನೆ, ನಾಲ್ವರು ಓದುಗರು. ಹೆಚ್ಚೆಂದರೆ 56 ಅಂಕ, ಕಡಿಮೆಯೆಂದರೆ 8. ನಾಲ್ವರೂ ಸೇರಿ 20 ಕೊಟ್ಟರೆ, ಕನಿಷ್ಠ ಎಂಟನ್ನು ಕಳೆದು, ಉಳಿದ 12ನ್ನು 48ರಿಂದ ಭಾಗಿಸಬೇಕು. ಬರುವುದು ನೂರಕ್ಕೆ 25. ಓದಿದವರಿಗೆ ವಿವರಣೆ ಬೇಕಿಲ್ಲ.

ಈ ಗೋಲು ಹಿಡಿದು ಸಿಡ್ನಿಯ ಅಲಿಸನ್ ಟಾಂಗ್ ಮತ್ತು ಸಂಗಡಿಗರು ಕಿಡ್ನಿ ಕಸಿಯ ಕಡೆಗೇ ತಿರುಗಿದರು. ಮೊದಲು ಜೀವಂತ ದಾನಿಗಳ ತಪಾಸಣೆಯ ಮಾರ್ಗಸೂಚಿಗಳು, ಆಮೇಲೆ, 2012ರಲ್ಲಿ, ಕಸಿಯ ಕಾಯುವ ಪಟ್ಟಿಗೆ ಯಾರನ್ನು ಸೇರಿಸಬೇಕು ಎನ್ನುವ 15 ಮಾರ್ಗಸೂಚಿಗಳು. ಜೀವ ಉಳಿಯುವ ಸಾಲಿನಲ್ಲಿ ನಿಲ್ಲಲು ಯಾರಿಗೆ ಅವಕಾಶ ಎಂದು ತೀರ್ಮಾನಿಸುವ ಬರಹಗಳು ಅವು. ವಯಸ್ಸಿನ ಮಿತಿ, ದೇಹತೂಕದ ಮಿತಿ, ಹೃದ್ರೋಗದ ಮಿತಿ ಒಂದೊಂದರಲ್ಲಿ ಒಂದೊಂದು. ಒಂದು ದೇಶದಲ್ಲಿ ಪಟ್ಟಿಗೆ ಸೇರುವ ರೋಗಿ ಇನ್ನೊಂದು ದೇಶದಲ್ಲಿ ಹೊರಗೆ.

ಇದೆಲ್ಲ ನಡೆಯುವಷ್ಟರಲ್ಲಿ ಉತ್ತರ ಬೆಂಗಳೂರೂ ಬದಲಾಗಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ, ಯಶವಂತಪುರದ ಆಸುಪಾಸಿನಲ್ಲಿ ದೊಡ್ಡ ಆಸ್ಪತ್ರೆಗಳು ಬೆಳೆದವು. ಅಂಗ ಹೊತ್ತ ಆಂಬುಲೆನ್ಸ್‌ಗಾಗಿ ಪೊಲೀಸರು ಹೆಬ್ಬಾಳದ ಮೇಲ್ಸೇತುವೆಯ ಸಂಚಾರ ತಡೆದು ದಾರಿ ಬಿಡಿಸುವುದು ಪತ್ರಿಕೆಯ ಸುದ್ದಿಯಾಯಿತು. ಆದರೆ ಇಲ್ಲಿನ ವೈದ್ಯರು ಓದುವ ಮುಖ್ಯ ಮಾರ್ಗಸೂಚಿಗಳು ಬಹುಪಾಲು ಹೊರದೇಶದ ಪುರಾವೆಯ ಮೇಲೆ ನಿಂತವು. ಕ್ಷಯರೋಗದ ವಿಚಾರವೇ ಸಾಕು. ಅದಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ, ಕಸಿಯಾದ ಕಿಡ್ನಿಯನ್ನು ಕಾಯುವ ಟ್ಯಾಕ್ರೊಲಿಮಸ್ ಔಷಧವನ್ನು ದೇಹ ಬೇಗ ಬೇಗ ಕರಗಿಸುವಂತೆ ಮಾಡುತ್ತದೆ. ಎಚ್ಚರ ತಪ್ಪಿದರೆ ಕಿಡ್ನಿಯೇ ಹೋಗುತ್ತದೆ. ಕ್ಷಯ ಮನೆಮಾತಾಗಿರುವ ನಾಡಿನಲ್ಲಿ ಇದು ನಿತ್ಯದ ತಲೆನೋವು. ಕೆಡಿಗೋದ 2009ರ ದಪ್ಪ ಪುಸ್ತಕದಲ್ಲಿ ಇದಕ್ಕೆ ಮೀಸಲಾದದ್ದು ಕೆಲವೇ ಸಾಲು. 'ಆಚರಣೆಗೆ ತರುವ ಸಾಧ್ಯತೆ' ಎಂಬ ಐದನೇ ವಿಭಾಗ ಕೇಳುವುದು ಇಂಥದ್ದನ್ನೇ, ಮತ್ತು ಯಶವಂತಪುರದ ವೈದ್ಯರಿಗೆ ಆರರಲ್ಲಿ ಅತ್ಯಂತ ಮುಖ್ಯವಾದದ್ದು ಅದೇ.

ವಯಸ್ಸಿನ ಗೆರೆಯ ಕತೆ ಭಾರತದಲ್ಲೂ ಇತ್ತು. ಮಿದುಳು ನಿಷ್ಕ್ರಿಯಗೊಂಡ ದಾನಿಯ ಅಂಗಕ್ಕಾಗಿ ಹೆಸರು ನೋಂದಾಯಿಸಲು ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಮಾರ್ಗಸೂಚಿ 65 ವರ್ಷದ ಮಿತಿ ಹಾಕಿತ್ತು. 2020ರಲ್ಲಿ ಕೆಡಿಗೋ ತನ್ನ ಹೊಸ ಮಾರ್ಗಸೂಚಿಯಲ್ಲಿ, ವಯಸ್ಸೊಂದನ್ನೇ ಕಾರಣ ಮಾಡಿ ಯಾರನ್ನೂ ಕಸಿಯಿಂದ ಹೊರಗಿಡಬಾರದು ಎಂದು ಖಚಿತವಾಗಿ ಬರೆಯಿತು. 2023ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಜನ ಈಗ ಹೆಚ್ಚು ಕಾಲ ಬದುಕುತ್ತಿದ್ದಾರೆ ಎಂಬ ಕಾರಣ ಕೊಟ್ಟು ಆ ಗೆರೆಯನ್ನು ಅಳಿಸಿತು. ಆಯಾ ರಾಜ್ಯದಲ್ಲೇ ವಾಸವಿರಬೇಕು ಎಂಬ ನಿಯಮವನ್ನೂ ನೋಂದಣಿ ಶುಲ್ಕವನ್ನೂ ಕೈಬಿಡುವಂತೆ ರಾಜ್ಯಗಳಿಗೆ ಹೇಳಿತು. ಕರ್ನಾಟಕದಲ್ಲಿ ಈ ಕಾಯುವ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಇರುವ ಅರವತ್ತಾರು ವರ್ಷದ ರೋಗಿಯ ಹೆಸರನ್ನು, ದೇಹ ಕಸಿಗೆ ತಾಳುವಂತಿದ್ದರೆ, ಆಸ್ಪತ್ರೆಯ ಮೂಲಕ ಈಗ ಆ ಪಟ್ಟಿಗೆ ಸೇರಿಸಬಹುದು.